ಬಲಕ್ಕೆ ತಿರುಗಿದ ಹುಡುಗಿ

ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರಿದ ಹುಡುಗರು ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, ನಿಮ್ಮ ಕಾಲದಲ್ಲಿ ಎಷ್ಟು ಕಪ್ ಗೆದ್ದಿರಿ ಸಾರ್ ಎಂದು ಕೇಳುತ್ತಾರೆ. ಗೆದ್ದ ಕಪ್ಪುಗಳೆಲ್ಲ ಆಯಾ ಶಾಲೆಯ ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿವೆ, ಹೋಗಿ ಎಣಿಸಿಕೊಳ್ಳಿ ಎನ್ನುತ್ತೇನೆ. ಬಡ್ತಿಯ ಕಥೆಯಂತೂ ಹೇಳುವುದಕ್ಕೇ ಇಲ್ಲ. ನಮ್ಮ ಕೆಲಸದಲ್ಲಿ ಪೀಟಿ ಮೇಷ್ಟರಾಗಿ ಸೇರಿದವನು ಪೀಟಿ ಮೇಷ್ಟರಾಗಿಯೇ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಆದರೆ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ಬರೆದಿಟ್ಟರೆ ನಿಮಗೆ ಕಪ್ಪುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ನನ್ನ ಮೊದಲ ನೌಕರಿ ಅರಕೆರೆಯಲ್ಲಿ. ಅಲ್ಲಿ ನಾಲೆ ನೀರು, ಗದ್ದೆ, ಕಬ್ಬು. ಭತ್ತ ಕೊಯ್ದ ಮೇಲೆ ಗದ್ದೆಯೇ ನಮ್ಮ ಕಬಡ್ಡಿ ಅಂಕಣ. ಅಲ್ಲಿಂದ ಕೆ.ಆರ್.ಪೇಟೆಗೆ ಹಾಕಿದರು, ಅಲ್ಲಿಂದ ತೊಂಬತ್ತರ ದಶಕದ ಆರಂಭದಲ್ಲಿ ಹೊಣಕೆರೆ ಹೋಬಳಿಯ ಒಂದು ಪ್ರೌಢಶಾಲೆಗೆ ಬಂದೆ. ಒಣ ಸೀಮೆ. ಶಾಲೆಯ ಮುಂದೆ ರಾಗಿ ಹೊಲ, ಹಿಂದೆ ತೆಂಗಿನ ತೋಟ, ನಡುವೆ ಕಲ್ಲು ಎದ್ದ ಮೈದಾನ. ಆಟದ ಸಾಮಾನಿನ ಕೋಣೆಯಲ್ಲಿ ಗಾಳಿಯಿಲ್ಲದ ಎರಡು ಚೆಂಡು, ಒಂದು ಮೂಟೆ ಮರದ ಡಂಬೆಲ್ಸು, ಗೆಜ್ಜೆ ಉದುರಿದ ಲೇಜಿಮು. ಗಂಡು ಹುಡುಗರು ಕಬಡ್ಡಿ, ಖೋಖೋ ಎಂದು ಹೇಗೋ ಕಾಲ ಕಳೆಯುತ್ತಿದ್ದರು. ಹೆಣ್ಣು ಮಕ್ಕಳು ಪೀಟಿ ಪೀರಿಯಡ್ಡಿನಲ್ಲಿ ಹೊಂಗೆ ಮರದ ಕೆಳಗೆ ಕೂತು ನೋಟ್ಸು ಬರೆದುಕೊಳ್ಳುತ್ತಿದ್ದರು. ಅದು ನನಗೆ ಸರಿಬರಲಿಲ್ಲ.

ಆ ವರ್ಷ ದಸರಾ ರಜೆಯಲ್ಲಿ ಮೈಸೂರಿಗೆ ಹೋದಾಗ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ ಒಂದು ಟೇಕ್ವಾಂಡೋ ಪುಸ್ತಕ ಸಿಕ್ಕಿತು. ಹೊರ ರಟ್ಟು ಹೋಗಿತ್ತು. ಇಂಗ್ಲಿಷ್ ಪುಸ್ತಕ. ಆದರೆ ಪುಟ ಪುಟಕ್ಕೂ ಫೋಟೊ. ಬಿಳಿ ಬಟ್ಟೆ ತೊಟ್ಟು ಕಪ್ಪು ಪಟ್ಟಿ ಕಟ್ಟಿದ ಒಬ್ಬ ಕೊರಿಯಾದ ಯಜಮಾನ ಒದೆಯುತ್ತಿದ್ದ, ಗುದ್ದುತ್ತಿದ್ದ, ತಡೆಯುತ್ತಿದ್ದ. ಪ್ರತಿ ಫೋಟೊದ ಕೆಳಗೆ ಒಂದು ನಂಬರು, ಎರಡು ಸಾಲು ಬರಹ. ನಿಂತಲ್ಲೇ ಹತ್ತು ಪುಟ ತಿರುಗಿಸಿದೆ. ಇದಕ್ಕೆ ಚೆಂಡು ಬೇಡ, ನೆಟ್ಟು ಬೇಡ, ಸಮ ಮೈದಾನವೂ ಬೇಡ ಅನ್ನಿಸಿತು. ನಾನು ಕಲಿತು ಹೆಣ್ಣು ಮಕ್ಕಳಿಗೆ ಕಲಿಸುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆಗ ನನಗೆ ಮೂವತ್ತೆಂಟು ವರ್ಷ, ತಲೆಯಲ್ಲಿ ಇದ್ದ ಧೈರ್ಯಕ್ಕೆ ಮೊಣಕಾಲಿನ ಒಪ್ಪಿಗೆ ಕೇಳುವ ಅಭ್ಯಾಸ ಇರಲಿಲ್ಲ.

ಬೆಳಿಗ್ಗೆ ಮನೆಯ ಹಿತ್ತಲಿನಲ್ಲಿ ಪುಸ್ತಕವನ್ನು ಒಗೆಯುವ ಕಲ್ಲಿನ ಮೇಲೆ ತೆರೆದಿಟ್ಟು, ಪುಟ ಹಾರದಂತೆ ಎರಡು ಕಡೆ ಬೆಣಚುಕಲ್ಲು ಇಟ್ಟು ಕಲಿಯುತ್ತಿದ್ದೆ. ನನ್ನ ಹೆಂಡತಿ ಜಯಮ್ಮ ಬಟ್ಟೆಯ ಬಕೆಟ್ಟು ಹಿಡಿದು ನಿಂತು, ನಿಮ್ಮ ಯಜಮಾನರು ಎದ್ದರೆ ನಾನು ಬಟ್ಟೆ ಒಗೆದುಕೊಳ್ಳುತ್ತೇನೆ ಎನ್ನುತ್ತಿದ್ದಳು. ಇಂಗ್ಲಿಷ್ ಬರಹವನ್ನು ಶಾಲೆಯ ಇಂಗ್ಲಿಷ್ ಮೇಷ್ಟರ ಹತ್ತಿರ ಓದಿಸಿ ಪೆನ್ಸಿಲಿನಲ್ಲಿ ಕನ್ನಡದ ಗುರುತು ಮಾಡಿಕೊಂಡೆ.

ಪುಸ್ತಕ ನೋಡಿ ಕಲಿಸುವವನಿಗೆ ಏನೇನು ಆಗುತ್ತದೋ ಅದೆಲ್ಲ ಆಯಿತು. ಮುಂದಕ್ಕೆ ಒದೆಯುವಾಗ ಕಾಲ್ಬೆರಳನ್ನು ಹಿಂದಕ್ಕೆ ಮಡಿಸಿ ಬೆರಳ ಬುಡದ ಗಟ್ಟಿ ಭಾಗದಿಂದ ಹೊಡೆಯಬೇಕು. ಫೋಟೊ ಚಿಕ್ಕದು, ಬೆರಳು ಕಾಣುತ್ತಿರಲಿಲ್ಲ. ನಾನು ಬೆರಳು ಚಾಚಿಯೇ ಒದೆಯಲು ಕಲಿಸಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಶ್ರದ್ಧೆಯಿಂದ ತೆಂಗಿನ ಮರಕ್ಕೆ ಒದ್ದು ಕಾಲಿನ ಹೆಬ್ಬೆರಳು ಊದಿಸಿಕೊಂಡಳು. ಮಾರನೆಯ ದಿನ ಅವಳ ತಾಯಿ ಶಾಲೆಗೆ ಬಂದು, ಓದಕ್ಕೆ ಕಳಿಸುದ್ರೆ ಕುಂಟಿ ಮಾಡಿ ಕಳಿಸಿದ್ದೀರಲ್ಲ ಎಂದು ಎಲ್ಲರೆದುರು ಬೈದರು. ಅವರು ಹೋದ ಮೇಲೆ ಸಿಮೆಂಟ್ ಚೀಲಕ್ಕೆ ತೆಂಗಿನ ನಾರು ತುಂಬಿ ಹೊಂಗೆ ಮರಕ್ಕೆ ನೇತುಹಾಕಿದೆ. ಅಷ್ಟು ಸಣ್ಣ ಬುದ್ಧಿಯೂ ಬೈಸಿಕೊಂಡ ಮೇಲೇ ಬಂದದ್ದು.

ನಮ್ಮ ಹೆಡ್‌ಮೇಷ್ಟರು ನಿಧಾನಸ್ಥರು. ಲಂಗ ಉಟ್ಟ ಮಕ್ಕಳು ಕಾಲೆತ್ತುವುದು ಹೇಗೆ ಎನ್ನುವುದೊಂದೇ ಅವರ ಪ್ರಶ್ನೆ. ಹುಡುಗಿಯರೇ ಉಪಾಯ ಹುಡುಕಿದರು. ಅಣ್ಣ ತಮ್ಮಂದಿರ ಹಳೆ ಪೈಜಾಮ ತಂದು ಲಂಗದ ಒಳಗೆ ಹಾಕಿಕೊಂಡು, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದನ್ನೆಲ್ಲ ನೋಡಿ, ಲೇಜಿಮು ಎಲ್ಲಿ, ಡಂಬೆಲ್ಸ್ ಎಲ್ಲಿ, ಸಿಲಬಸ್ಸಿನಲ್ಲಿ ಈ ಕುಣಿತ ಎಲ್ಲಿದೆ ಎಂದು ರೇಗಿದರು. ಹೆಡ್‌ಮೇಷ್ಟರು ಎಳನೀರು ಕೊಡಿಸಿ, ಇದು ಡಂಬೆಲ್ಸೇ ಸಾರ್, ಡಂಬೆಲ್ಸು ಸವೆದು ಹೋಗಿರುವುದರಿಂದ ಬರಿಗೈಯಲ್ಲಿ ಮಾಡುತ್ತಿದ್ದಾರೆ ಎಂದರು. ಅಧಿಕಾರಿಗಳು ಹಾಗೆಯೇ ಬರೆದುಕೊಂಡು ಹೋದರು. ಇಂಥ ಮೇಲಿನವರು ಸಿಕ್ಕರೆ ಬಿಡಬೇಡಿ.

ಈಗ ತಪ್ಪಿನ ವಿಷಯ. ಟೇಕ್ವಾಂಡೋದಲ್ಲಿ ಒದೆ, ಗುದ್ದು ಬಿಟ್ಟರೆ ಮುಖ್ಯವಾದದ್ದು ಪೂಮ್ಸೆ. ಎದುರಾಳಿ ಇದ್ದಾನೆ ಎಂದುಕೊಂಡು ಒಬ್ಬರೇ ಗೊತ್ತಾದ ಕ್ರಮದಲ್ಲಿ ತಿರುಗುವುದು, ತಡೆಯುವುದು, ಗುದ್ದುವುದು. ಮೊದಲ ಪೂಮ್ಸೆಯಲ್ಲಿ ಹದಿನೆಂಟು ಚಲನೆ. ಬಿಳಿ ಪಟ್ಟಿ ಬಿಟ್ಟು ಮೊದಲ ಬಣ್ಣದ ಪಟ್ಟಿ ಕಟ್ಟುವ ಪರೀಕ್ಷೆಗೆ ಅದು ಬಂದರೆ ಸಾಕು. ಪುಸ್ತಕದ ಯಜಮಾನ ನಮ್ಮ ಕಡೆಗೆ ಮುಖ ಮಾಡಿ ನಿಂತಿದ್ದ. ಮೊದಲ ಚಲನೆಯಲ್ಲಿ ತನ್ನ ಎಡಕ್ಕೆ ತಿರುಗಿ ಎಡಗೈಯಲ್ಲಿ ತಡೆದಿದ್ದ. ಕೆಳಗಿನ ಬರಹದಲ್ಲೂ ಎಡ ಎಂದೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಎಡಕ್ಕೆ ತಿರುಗುತ್ತಿದ್ದರು. ನಾನು ಪೀಟಿ ಮೇಷ್ಟರು. ನಮಗೆ ತರಬೇತಿಯಲ್ಲಿ ಮೊದಲ ವಾರವೇ ತಲೆಗೆ ತುಂಬುವ ಪಾಠ ಒಂದಿದೆ. ಮಕ್ಕಳಿಗೆ ಎದುರಾಗಿ ನಿಂತು ಕವಾಯತು ಮಾಡಿಸುವಾಗ ಬಾಯಲ್ಲಿ ಎಡ ಎಂದು ಹೇಳಿ ನೀನು ಬಲಗೈ ಎತ್ತಬೇಕು. ಆಗ ಮಕ್ಕಳು ನಿನ್ನನ್ನು ಕನ್ನಡಿಯಂತೆ ನೋಡಿಕೊಂಡು ತಮ್ಮ ಎಡಗೈ ಎತ್ತುತ್ತಾರೆ. ಹದಿನೈದು ವರ್ಷ ಹಾಗೆ ಮಾಡಿದವನ ಮೈಯಲ್ಲಿ ಅದು ರಕ್ತದಷ್ಟೇ ಸಹಜವಾಗಿರುತ್ತದೆ. ಯಜಮಾನನೂ ಮೇಷ್ಟರೇ ಅಲ್ಲವೆ, ಎದುರಿಗೆ ನಿಂತು ಎಡಗೈ ಎತ್ತಿದ್ದಾನೆ ಅಂದರೆ ನಾವು ಬಲಗೈ ಎತ್ತಬೇಕು ಎಂದೇ ಅರ್ಥ ಮಾಡಿಕೊಂಡೆ. ಇಂಗ್ಲಿಷ್ ಮೇಷ್ಟರು, ಎಡ ಅಂತ ಬರೆದಿದೆಯಲ್ಲ ಎಂದು ತೋರಿಸಿದರು. ಬರೆದವನು ಫೋಟೊ ನೋಡಿಕೊಂಡು ಬರೆದಿದ್ದಾನೆ, ಅವನಿಗೆ ಕವಾಯತು ಗೊತ್ತಿಲ್ಲ ಬಿಡಿ ಎಂದೆ. ಅವರು ನಕ್ಕು ಪುಸ್ತಕ ವಾಪಸ್ ಕೊಟ್ಟರು. ಹೀಗೆ ಹದಿನೆಂಟು ಚಲನೆಯನ್ನೂ ಉಲ್ಟಾ ಕಲಿತು, ಎರಡು ವರ್ಷ ಶಿಸ್ತಿನಿಂದ ಉಲ್ಟಾ ಕಲಿಸಿದೆ.

ಆ ಹುಡುಗಿಯರಲ್ಲೆಲ್ಲ ಚೆನ್ನಾಗಿ ಕಲಿತವಳು ಮಂಜುಳ. ಹತ್ತನೇ ಕ್ಲಾಸು. ತಂದೆ ಬೋರೇಗೌಡರಿಗೆ ಸ್ವಲ್ಪ ಹೊಲ, ನಾಲ್ಕು ಹಸು, ಡೇರಿಗೆ ಹಾಲು. ಓದುವುದರಲ್ಲೂ ಮುಂದು. ಅವಳಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ನಾಗಮಂಗಲಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುವ ಆಸೆ. ಅಡ್ಡಿ ಇದ್ದದ್ದು ದಾರಿಯಲ್ಲಿ. ಅವರ ಊರಿಂದ ಬಸ್ಸು ನಿಲ್ಲುವ ಕಡೆಗೆ ಒಂದೂವರೆ ಮೈಲಿ ನಡೆಯಬೇಕು. ನಡುವೆ ಒಂದು ಮೋರಿ. ಅದರ ಕಟ್ಟೆಯ ಮೇಲೆ ಕೆಲಸವಿಲ್ಲದ ನಾಲ್ಕೈದು ಗಂಡಸರು ಕೂತಿರುತ್ತಿದ್ದರು. ಹಿಂದಿನ ವರ್ಷ ಅದೇ ಊರಿನ ಇನ್ನೊಬ್ಬ ಹುಡುಗಿ ಅವರ ಕಾಟ ತಾಳಲಾರದೆ ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದಳು. ನಮ್ಮ ಮಗಳಿಗೂ ಅದೇ ಗತಿಯಾಗುವುದಾದರೆ ಯಾಕೆ ಕಳಿಸಬೇಕು ಎನ್ನುವುದು ಬೋರೇಗೌಡರ ಮಾತು.

ನಾನು ಹೋಗಿ, ಅವಳು ಈಗ ತನ್ನನ್ನು ತಾನು ನೋಡಿಕೊಳ್ಳಬಲ್ಲಳು ಎಂದೆ. ಅವರು ಹಸುವಿನ ಮೈ ಉಜ್ಜುತ್ತಾ ಕೇಳಿಸಿಕೊಂಡರು. ಆಮೇಲೆ, ನೀವು ಹೇಳಿದರೆ ಆಯಿತೆ, ನೀವು ಪುಸ್ತಕ ನೋಡಿ ಕಲಿಸುವವರು, ಬಲ್ಲವರು ಯಾರಾದರೂ ಒಪ್ಪಿ ಕಾಗದ ಕೊಟ್ಟರೆ ಕಳಿಸುತ್ತೇನೆ ಎಂದರು. ನನಗೆ ಒಳಗೇ ಸಿಟ್ಟು ಬಂತು. ಒಪ್ಪಿಕೊಂಡು ಬಂದೆ.

ಶ್ರೀರಂಗಪಟ್ಟಣದಲ್ಲಿ ಸಲೀಂ ಎನ್ನುವ ತರುಣರು ಟೇಕ್ವಾಂಡೋ ಕಲಿಸುತ್ತಾರೆ, ಕಪ್ಪು ಪಟ್ಟಿಯವರು, ಪರೀಕ್ಷೆಯನ್ನೂ ಮಾಡುತ್ತಾರೆ ಎಂದು ತಿಳಿಯಿತು. ಲಾರಿ ಡ್ರೈವರರೊಬ್ಬರ ಮಗ, ಮೈಸೂರಿನಲ್ಲಿ ಕಲಿತು ಬಂದವರು. ಹಳೆಯ ಅಕ್ಕಿ ಗೋದಾಮೊಂದರಲ್ಲಿ ಕ್ಲಾಸು. ಕಾಗದ ಬರೆದೆ, ಜನವರಿಯ ಒಂದು ಭಾನುವಾರ ಬನ್ನಿ ಎಂದರು. ಮೊದಲಿಗೆ ಮಂಜುಳ ಒಬ್ಬಳನ್ನೇ ಕರೆದುಕೊಂಡು ಹೋಗೋಣ ಎಂದುಕೊಂಡೆ. ಜೊತೆಗೆ ಜಯಮ್ಮನೂ ಹೊರಟಳು. ನಾಗಮಂಗಲಕ್ಕೆ ಬಂದು, ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದೆವು. ಹುಡುಗಿ ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಿನಲ್ಲೇ ಹದಿನೆಂಟು ಎಣಿಸುತ್ತಿದ್ದಳು.

ಗೋದಾಮಿನಲ್ಲಿ ಹತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಮಂಜುಳ ನಡುವೆ. ಸಲೀಂ ಕೂಗು ಕೊಟ್ಟರು. ಒಂಬತ್ತು ಜನ ಎಡಕ್ಕೆ ತಿರುಗಿದರು, ಮಂಜುಳ ಬಲಕ್ಕೆ ತಿರುಗಿದಳು. ಪಕ್ಕದ ಹುಡುಗಿಯೂ ಅವಳೂ ಮುಖಾಮುಖಿಯಾಗಿ, ಒಂದು ಹೆಜ್ಜೆ ಮುಂದಿಟ್ಟು, ಢಿಕ್ಕಿ ಹೊಡೆದು ನಿಂತರು. ನನ್ನ ಅಹಂಕಾರ ಎಷ್ಟಿತ್ತು ಅಂದರೆ, ಪಾಪ ಒಂಬತ್ತು ಮಕ್ಕಳಿಗೂ ತಪ್ಪು ಕಲಿಸಿದ್ದಾರಲ್ಲ ಎಂದು ನಾನು ಒಂದು ಕ್ಷಣ ಮರುಗಿದೆ. ಆಮೇಲೆ, ಉಲ್ಟಾ ಕಲಿಸಿದವನು ನಾನೇ ಎಂದು ಹೊಳೆಯಿತು.

ಸಲೀಂ ಎಲ್ಲರನ್ನೂ ನಿಲ್ಲಿಸಿ ಅವಳೊಬ್ಬಳ ಕೈಯಲ್ಲೇ ಮಾಡಿಸಿದರು. ಹದಿನೆಂಟೂ ಉಲ್ಟಾ, ಆದರೆ ಒಂದೂ ತಪ್ಪಲಿಲ್ಲ. ಯಾರು ಕಲಿಸಿದ್ದು ಬೇಟಾ ಎಂದು ಮೆಲ್ಲಗೆ ಕೇಳಿದರು. ಮಂಜುಳ ಗೋಡೆಯ ಹತ್ತಿರ ನಿಂತಿದ್ದ ನನ್ನ ಕಡೆ ಒಂದು ಸಲ ನೋಡಿದಳು. ನಂತರ ತಲೆ ತಗ್ಗಿಸಿದಳು.

"ನಮ್ ಸಾ ಸರ್‌ಯಾಗೇ ಯೋಳ್ಕೊಟ್ಟಿದ್ರು ಸಾ. ನಾನೇ ಗಾಬ್ರಿಯಾಗಿ ಉಲ್ಟಾ ಮಾಡ್ಬುಟ್ಟೆ."

ಗಾಬರಿಯಾದವರು ಹದಿನೆಂಟೂ ಚಲನೆಯನ್ನು ಅಷ್ಟು ಅಚ್ಚುಕಟ್ಟಾಗಿ ಉಲ್ಟಾ ಮಾಡುವುದಿಲ್ಲ ಎಂದು ಸಲೀಂಗೆ ತಿಳಿಯದೆ ಇರಲಿಲ್ಲ. ಅವರೂ ನನ್ನ ಕಡೆ ನೋಡಿದರು. ನಾನು ಮಾತಾಡಬೇಕಿತ್ತು. ಗೋಡೆಗೆ ಒರಗಿ ನಿಂತೇ ಇದ್ದೆ. ಮೂರು ತಿಂಗಳು ಬಿಟ್ಟು ಬಾ ಎಂದು ಅವಳಿಗೆ ಹೇಳಿ ಅವರು ಮುಂದಿನವರನ್ನು ಕರೆದರು. ನನ್ನ ನೌಕರಿಯಲ್ಲಿ ನಾನು ನಾಚಿಕೆ ಪಡುವ ಗಳಿಗೆ ಯಾವುದು ಎಂದು ಕೇಳಿದರೆ, ಉಲ್ಟಾ ಕಲಿಸಿದ ಎರಡು ವರ್ಷ ಅಲ್ಲ, ಬಾಯಿ ಬಿಡದ ಆ ಅರ್ಧ ನಿಮಿಷ.

ವಾಪಸ್ ಬರುವಾಗ ಮಂಜುಳ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಜಯಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ಪಾಂಡವಪುರ ದಾಟಿದ ಮೇಲೆ ತಗ್ಗಿದ ದನಿಯಲ್ಲಿ, "ಆ ಹೆಣ್ಮಗ ನಿಮ್ಮ ಮಾನ ಉಳುಸ್ತು. ನೀವು ಕಂಬದಂಗೆ ನಿಂತಿದ್ರಿ" ಎಂದಳು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳು ನನಗೆ ಅಷ್ಟು ಕಠಿಣವಾಗಿ ಮಾತಾಡಿದ್ದು ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಬೋರೇಗೌಡರ ಕೊಟ್ಟಿಗೆಗೆ ಹೋದೆ. ಮಗಳು ಅವರಿಗೂ ತಾನೇ ತಪ್ಪು ಮಾಡಿದೆ ಎಂದು ಹೇಳಿ ಆಗಿತ್ತು. ಇನ್ನು ಈ ಆಟ ಸಾಕು, ಪರೀಕ್ಷೆ ಮುಗಿಸಿ ಮನೆಯಲ್ಲಿರಲಿ ಎಂದು ಅವರೂ ಹೇಳಿ ಆಗಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪುಸ್ತಕ, ಕವಾಯತಿನ ಎಡಬಲ, ಇಂಗ್ಲಿಷ್ ಮೇಷ್ಟರ ಮಾತು, ಗೋದಾಮಿನ ಗೋಡೆ. ತಪ್ಪೆಲ್ಲ ನನ್ನದು, ಅವಳದು ಒಂದು ಕೂದಲಿನಷ್ಟೂ ಇಲ್ಲ ಎಂದೆ. ಮಂಜುಳ ಬಾಗಿಲ ಹತ್ತಿರ ಚೊಂಬು ಹಿಡಿದು ನಿಂತಿದ್ದಳು. ಬೋರೇಗೌಡರು ಕೆಚ್ಚಲಿನಿಂದ ಕೈ ತೆಗೆದು ನನ್ನ ಮುಖ ನೋಡಿದರು.

"ತಪ್ಪು ನಿಮ್ದೇ ಅಂತ ಬಂದು ಯೋಳುದ್ರಲ್ಲ, ಅದು ದೊಡ್ಡ ಮಾತು ಕಣ್ ಸಾ. ಆದ್ರೆ ನಂಗೆ ಗೊತ್ತಾಗಿದ್ದು ಬ್ಯಾರೆ. ನೀವು ತಿರುಗು ಅಂದ ಕಡೀಕೆ ಅವಳು ತಿರುಗ್ತಾಳೆ, ಅಷ್ಟೇಯ. ಮೋರಿ ತಾವ ನೀವು ಇರ್ತೀರಾ?"

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಕೆಲಸದ ಅರ್ಧ ಭಾಗ, ಹೇಳಿದ ಕಡೆಗೆ ತಿರುಗುವುದನ್ನು ಕಲಿಸುವುದೇ. ದಾಹಿನೇ ಮುಡ್, ಬಾಯೇ ಮುಡ್ ಎಂದು ಕೂಗಿದರೆ ಇನ್ನೂರು ಮಕ್ಕಳು ಒಟ್ಟಿಗೆ ತಿರುಗಿದಾಗ ನಾವು ಹಿಗ್ಗುತ್ತೇವೆ. ಇನ್ನೊಂದು ಸಲ ಪರೀಕ್ಷೆಗೆ ಹೋಗಲು ಬಿಡಿ ಎಂದು ಬೇಡಿಕೊಂಡೆ. ಈ ಸಲ ನಾನೇ ಬಂದು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು.

ಅದೇ ದಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಮಕ್ಕಳ ಮುಂದೆ ನಿಂತು, ನಾನು ಕಲಿಸಿದ ಪೂಮ್ಸೆ ಪೂರಾ ಉಲ್ಟಾ ಎಂದು ಹೇಳಿದೆ. ಮಕ್ಕಳು ಮನಸಾರೆ ನಕ್ಕರು. ಹೆಡ್‌ಮೇಷ್ಟರೂ ನಕ್ಕರು. ಅಷ್ಟೇ ಆಯಿತು, ಯಾರ ತಲೆಯೂ ಹೋಗಲಿಲ್ಲ. ಇದನ್ನು ಗೋದಾಮಿನಲ್ಲಿ ಹೇಳುವುದಕ್ಕೆ ನಾನು ಯಾಕೆ ಹೆದರಿದೆನೋ ಎಂದು ಅನ್ನಿಸಿತು.

ಮುಂದಿನ ಭಾನುವಾರದಿಂದ ನಾನೂ ಸಲೀಂ ಅವರ ಕ್ಲಾಸಿಗೆ ಸೇರಿದೆ. ಬಿಳಿ ಪಟ್ಟಿ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ, ನನ್ನ ಸೊಂಟದೆತ್ತರದ ಮಕ್ಕಳ ನಡುವೆ. ಮಂಜುಳ ಮುಂದಿನ ಸಾಲಿನಲ್ಲಿ. ಜಯಮ್ಮ ಬೆಂಚಿನ ಮೇಲೆ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ಸಲೀಂ ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ದಿನವೇ ನನ್ನ ಆಟ ನೋಡಿ ನಗು ತಡೆದುಕೊಂಡು, "ಮಾಸ್ಟರ್‌ಜಿ, ನೀವು ಫೋಟೊದಲ್ಲಿ ನಿಂತಂಗೆ ನಿಂತು ನಿಂತು ಆಡ್ತೀರಿ. ಎರಡು ಫೋಟೊ ನಡುವೆ ಏನೈತೆ, ಅದೇ ಅಸ್ಲಿ ಆಟ" ಎಂದರು. ನಿಜ. ಸೊಂಟ ಯಾವಾಗ ತಿರುಗಬೇಕು, ಉಸಿರು ಯಾವಾಗ ಬಿಡಬೇಕು, ಯಾವ ಕಾಲಿನ ಮೇಲೆ ಭಾರ ಹಾಕಬೇಕು, ಇದ್ಯಾವುದೂ ಪುಸ್ತಕದ ಫೋಟೊದಲ್ಲಿ ಸಿಕ್ಕಿರಲಿಲ್ಲ.

ಅವರ ಇನ್ನೊಂದು ಕ್ರಮ ನನಗೆ ಬಹಳ ಹಿಡಿಸಿತು. ಹೊಸದನ್ನು ತೋರಿಸುವಾಗ ಅವರು ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಅವರ ಎಡ ನಮಗೂ ಎಡ. ಮೇಷ್ಟರು ಮಕ್ಕಳಿಗೆ ಬೆನ್ನು ತೋರಿಸಬಾರದು ಎಂದು ನಮಗೆ ಕಲಿಸಿದ್ದರು, ಬೆನ್ನು ತಿರುಗಿಸಿದರೆ ಗಲಾಟೆ ಶುರುವಾಗುತ್ತದೆ ಎಂಬ ಭಯ. ನಾನು ಶಾಲೆಯಲ್ಲಿ ಬೆನ್ನು ತಿರುಗಿಸಿ ನೋಡಿದೆ. ಸ್ವಲ್ಪ ಗಲಾಟೆ ಆಯಿತು, ಪೂಮ್ಸೆ ಸರಿಹೋಯಿತು. ಮುಂದೆ ನಿವೃತ್ತನಾಗುವವರೆಗೂ ಹಾಗೆಯೇ ಕಲಿಸಿದೆ.

ಮಕ್ಕಳು ಒಂದು ತಿಂಗಳಿಗೇ ಹೊಸ ಕ್ರಮಕ್ಕೆ ಹೊಂದಿಕೊಂಡರು. ನನ್ನ ಮೈ ಒಪ್ಪಲಿಲ್ಲ. ನಿಧಾನವಾಗಿ ಯೋಚಿಸಿ ಮಾಡಿದರೆ ಎಡಕ್ಕೆ ತಿರುಗುತ್ತಿದ್ದೆ, ಯಾರಾದರೂ ಜೋರಾಗಿ ಕೂಗು ಕೊಟ್ಟರೆ ಬಲಕ್ಕೆ ಹೊರಡುತ್ತಿದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ಪಟ್ಟಿಯ ಪರೀಕ್ಷೆ ಬಂತು. ನಾನೂ ಹೆಸರು ಬರೆಸಿಕೊಂಡೆ. ಬೋರೇಗೌಡರು ಒಗೆದ ಬಿಳಿ ಅಂಗಿ ಹಾಕಿ ನಮ್ಮ ಜೊತೆ ಬಂದು, ಬೆಂಚಿನ ಮೇಲೆ ಜಯಮ್ಮನ ಪಕ್ಕದಲ್ಲಿ ಒಂದು ಮೊಳ ಬಿಟ್ಟು ಕೂತರು. ಸಲೀಂ ಸಾಲು ಮಾಡುವಾಗ ಜಾಗ ಇದ್ದದ್ದು ಮಂಜುಳನ ಎಡಕ್ಕೆ, ನನ್ನನ್ನು ಅಲ್ಲಿ ನಿಲ್ಲಿಸಿದರು. ಬೋರೇಗೌಡರು ನೋಡುತ್ತಿದ್ದಾರೆ ಎನ್ನುವುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಕೂಗು ಬಿತ್ತು.

ಮಂಜುಳ ಎಡಕ್ಕೆ ತಿರುಗಿದಳು. ನಾನು ಬಲಕ್ಕೆ ತಿರುಗಿದೆ.

ಇಬ್ಬರೂ ಎದುರುಬದುರಾದೆವು. ಎರಡು ವರ್ಷ ನನ್ನ ಕೈ ನೋಡಿ ಕೈ ಎತ್ತಿದ ಹುಡುಗಿ. ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಈಗ ಇವಳೂ ತಿರುಗಿಬಿಡುತ್ತಾಳೆ, ನನ್ನಿಂದಲೇ ಎರಡನೇ ಸಲವೂ ಕೆಟ್ಟಳು ಎಂದು ಹೆದರಿದೆ. ಅವಳು ತಡೆದಳು, ಹೆಜ್ಜೆ ಮುಂದಿಟ್ಟು ಗುದ್ದಿದಳು. ಮುಷ್ಟಿ ನನ್ನ ಎದೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಾನೇ ಹಿಂದೆ ಸರಿದೆ. ಅವಳು ಕ್ರಮದ ಪ್ರಕಾರ ಹಿಂದಕ್ಕೆ ತಿರುಗಿ ಮೂರನೆಯದು, ನಾಲ್ಕನೆಯದು ಎಂದು ಹೋಗಿಯೇಬಿಟ್ಟಳು. ನಾನು ಎಲ್ಲಿದ್ದೇನೆಂದು ತಿಳಿಯದೆ ಸಾಲಿನ ನಡುವೆ ನಿಂತು ಅವಳು ಮುಗಿಸುವುದನ್ನು ನೋಡಿದೆ. ಹದಿನೆಂಟನೆಯದಕ್ಕೆ ಅವಳು ಹಾಕಿದ ಕೂಗಿಗೆ ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದವು.

ಸಲೀಂ ಅವಳಿಗೆ ಹಳದಿ ಪಟ್ಟಿಯನ್ನೂ ಕಾಗದವನ್ನೂ ಕೊಟ್ಟರು. ಮಾಸ್ಟರ್‌ಜಿ, ನೀವು ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಮಕ್ಕಳೆಲ್ಲ ಕಿಸಕ್ಕೆಂದರು.

ಹೊರಗೆ ಬಂದಾಗ ಬೋರೇಗೌಡರು ಬೇವಿನ ಮರದ ನೆರಳಿನಲ್ಲಿ ನಿಂತಿದ್ದರು. ಮಂಜುಳ ಕಾಗದ ಕೊಟ್ಟಳು. ಅವರು ಅದನ್ನು ಓದದೆ ಮಡಿಸಿ ಅವಳ ಕೈಗೇ ವಾಪಸ್ ಕೊಟ್ಟರು. ನಾನು ಮತ್ತೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ಕಲಿಸ್ದೋರು ನೀವೇ ಎದುರುಗ್ ಬಂದು ನಿಂತ್ರೂವೆ ಅವ್ಳು ತಿರುಗ್ನಿಲ್ಲ ಕಣ್ ಸಾ. ಇನ್ನು ಮೋರಿ ಮ್ಯಾಲೆ ಯಾವನ್ ಕುಂತಿದ್ರೇನು, ಓಗ್ಲಿ ಬುಡಿ ಕಾಲೇಜ್ಗೆ."

ಮಂಜುಳ ಅಪ್ಪನ ಮುಂದೆ ಅಳಬಾರದೆಂದು ಜಯಮ್ಮನ ಹೆಗಲಿಗೆ ಮುಖ ಒತ್ತಿಕೊಂಡಳು. ನಾನು ಬಸ್ಸು ಬಂತೇ ನೋಡುತ್ತೇನೆ ಎಂದು ರಸ್ತೆಯ ಕಡೆ ನಡೆದೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಫೇಲಾಗಿ ಅಷ್ಟು ಸಂತೋಷದಿಂದ ನಾನು ಮನೆಗೆ ಬಂದದ್ದು ಅದೊಂದೇ ಸಲ.